ದಾಸೋಹಕ್ಕೆ ಹೋದ ಇಪ್ಪತ್ತೈದು ರೊಟ್ಟಿ

ರೊಟ್ಟಿಯ ಸುತ್ತ ನಗುವಂಥ ಸಂಗತಿಗಳು ನಮ್ಮ ಕಡೆ ಆಗುತ್ತಲೇ ಇರುತ್ತವೆ. ದಿನಾ ಎರಡು ಹೊತ್ತು ರೊಟ್ಟಿ ಬಡಿಯುವ ನಾಡಿನಲ್ಲಿ ಆಗದೆ ಇನ್ನೆಲ್ಲಿ ಆಗಬೇಕು. ಇವುಗಳಲ್ಲಿ ಮೊದಲನೆಯದನ್ನು ನನಗೆ ಹೇಳಿದವರು ಗುಡೂರಿನ ಹಿಟ್ಟಿನ ಗಿರಣಿಯ ಯಜಮಾನರು. ಉಳಿದವು ಇಳಕಲ್ಲಿನ ನಮ್ಮ ಮನೆಯಲ್ಲೇ, ಒಂದೇ ಶ್ರಾವಣದಲ್ಲಿ ಆದವು.

೧. ಚೀಟಿ

ಗಿರಣಿಗೆ ಒಬ್ಬ ಗೃಹಸ್ಥ ಜೋಳ ತಂದನಂತೆ. ಹಿಟ್ಟು ಬೀಳುವತನಕ ಸುಮ್ಮನೆ ಕೂಡುವ ಜೀವವಲ್ಲ. ಯಾರದೋ ಮದುವೆಯ ಪತ್ರಿಕೆಯ ಹಿಂದೆ ಜೋಳದ ರೇಟು, ಬೀಸಿದ ಕೂಲಿ, ಗ್ಯಾಸಿನ ಖರ್ಚು ಎಲ್ಲ ಬರೆದು ಕೂಡಿಸಿದ. ಮನೆಯ ರೊಟ್ಟಿಗೆ ಮೂರು ರೂಪಾಯಿ ಬಿತ್ತು. ಅಂಗಡಿಯದು ಎಂಟು. ಬಡಿದವಳ ಕೂಲಿ ಎಲ್ಲಿ ಎಂದು ಗಿರಣಿಯವರು ಕೇಳಿದರು. ಆಕೆ ಮನೆಯವಳೇ ಅಲ್ಲವೇ ಎಂದ. ಖುಷಿಯಿಂದ ಮನೆಗೆ ಹೋಗಿ, ಒಂದೊಂದು ರೊಟ್ಟಿಗೆ ನೀನು ಐದೈದು ರೂಪಾಯಿ ಉಳಿಸುತ್ತೀ ಎಂದು ಹೆಂಡತಿಗೆ ಚೀಟಿ ಕೊಟ್ಟ. ಆಕೆ ಅದನ್ನು ಮಡಚಿ ಇಟ್ಟುಕೊಂಡಳು. ಮಧ್ಯಾಹ್ನ ಊಟಕ್ಕೆ ಕೂತರೆ ತಾಟಿನಲ್ಲಿ ಶೇಂಗಾ ಚಟ್ನಿ, ಮೊಸರು, ಝುಣಕ, ರೊಟ್ಟಿ ಇಡುವ ಜಾಗದಲ್ಲಿ ಆ ಚೀಟಿ.

"ರೊಟ್ಟಿ ಎಲ್ಲಿ?" ಎಂದನಂತೆ.

"ಅದರಾಗ ಬರದೈತಲ್ರಿ. ಹಚ್ಕೊಂಡು ಉಣ್ರಿ."

ಗಿರಣಿಯವರು ಇದನ್ನು ಹೇಳಿದಾಗ ನಾನು ಹೊಟ್ಟೆ ಹಿಡಿದು ನಕ್ಕೆ. ನಗಬಾರದಿತ್ತು ಅಂತ ಎಂಟು ದಿನದಲ್ಲಿ ತಿಳಿಯಿತು.

೨. ಡಾಕ್ಟರರ ಮುಂದೆ

ನಾಗರ ಪಂಚಮಿಗೆ ಎರಡು ದಿನ ಇರುವಾಗ ನಮ್ಮ ಮನೆಯಾಕೆ ಬಚ್ಚಲ ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆ. ಪ್ಲಾಸ್ಟರ್ ಹಾಕಿ, ಆರು ವಾರ ಕೈಯಿಂದ ಕೆಲಸ ಮಾಡಬೇಡಿ ಎಂದರು ಡಾಕ್ಟರರು. ಆಕೆಯ ಮುಖ ಇಳಿಯಿತು. ನೋವಿಗಲ್ಲ. ಶ್ರಾವಣದ ಕಡೆಯ ಸೋಮವಾರ ನಮ್ಮ ಮನೆಯಿಂದ ಮಠದ ದಾಸೋಹಕ್ಕೆ ಇಪ್ಪತ್ತೈದು ರೊಟ್ಟಿ ಹೋಗಬೇಕು. ಮನೆಯವರ ಕೈಯಾರೆ ಬಡಿದಿರಬೇಕು. ನಮ್ಮ ತಾಯಿ ಹೊತ್ತ ಹರಕೆ ಅದು. ಹೋಗುವಾಗ ಸೊಸೆಯ ಕೈಗೆ ಒಪ್ಪಿಸಿ ಹೋಗಿದ್ದಳು. ಒಂದು ವರ್ಷವೂ ತಪ್ಪಿರಲಿಲ್ಲ. ಮಗಳನ್ನು ಬಾದಾಮಿಗೆ ಕೊಟ್ಟಿದ್ದೇವೆ, ಅವಳು ಆಗ ಹಸಿ ಬಾಣಂತಿ, ಕರೆಸುವ ಹಾಗಿರಲಿಲ್ಲ.

ಇದನ್ನೆಲ್ಲ ಡಾಕ್ಟರರು ಸಮಾಧಾನದಿಂದ ಕೇಳಿ, ಅದಕ್ಕೇನಂತೆ, ಈ ಸಲ ನಿಮ್ಮ ಯಜಮಾನರು ಮಾಡಲಿ ಎಂದರು.

ಆಕೆ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಡಾಕ್ಟರರ ಕಡೆ ತಿರುಗಿ, "ಮೂರು ವಾರಕ್ಕ ಬಿಚ್ಚಾಕ ಬರೂದಿಲ್ಲೇನ್ರಿ?" ಎಂದಳು.

೩. ರೊಟ್ಟಿ ಕೇಂದ್ರ

ನಮ್ಮ ಓಣಿಯ ತುದಿಗೆ ಒಂದು ರೊಟ್ಟಿ ಕೇಂದ್ರ ಇದೆ. ನಡೆಸುವಾಕೆ ನಮ್ಮ ಮಗಳ ವಾರಿಗೆಯವಳು, ನನಗೆ ಕಾಕಾ ಅನ್ನುತ್ತಾಳೆ. ದಿನದ ಊಟಕ್ಕೆ ಅಲ್ಲಿಂದಲೇ ತರತೊಡಗಿದೆವು. ಎಂಟು ರೂಪಾಯಿಗೆ ಒಂದು. ಹೊಲದ ಜೋಳ ಮನೆಯಲ್ಲಿ ತುಂಬಿಟ್ಟುಕೊಂಡು ರೊಟ್ಟಿಗೆ ರೊಕ್ಕ ಎಣಿಸುವುದು ನನ್ನ ಜೀವಕ್ಕೆ ಒಗ್ಗಲಿಲ್ಲ. ಆದರೆ ರೊಟ್ಟಿ ಚಲೋ ಇರುತ್ತಿತ್ತು, ಉಂಡೆ.

ಒಂದು ದಿನ ಮನೆಯಾಕೆಗೆ ಹೇಳದೆ ಹೋಗಿ, ಕಡೆಯ ಸೋಮವಾರಕ್ಕೆ ಇಪ್ಪತ್ತೈದು ಬೇಕು ಎಂದು ಮೆಲ್ಲಗೆ ಕೇಳಿದೆ. ಆ ದಿನದ ಆರ್ಡರ್ ತುಂಬಿದೆ ಎಂದಳು. ಅಷ್ಟೊಂದು ಯಾರು ಹೇಳಿದರು ಎಂದು ಕೇಳಿದೆ. ಎಲ್ಲ ನಮ್ಮ ಓಣಿಯವರೇ, ಎಲ್ಲ ಮಠಕ್ಕೇ, ಆದರೆ ಹೆಸರು ಹೇಳಬಾರದು ಅಂತ ಒಬ್ಬೊಬ್ಬರೂ ಮಾತು ತೆಗೆದುಕೊಂಡಿದ್ದಾರೆ ಎಂದಳು. ನನಗೆ ಬೇಸರವಾಯಿತು. ಮಠಕ್ಕೆ ಹೋಗುವ ನಿನ್ನ ಮನೆಯ ಬುಟ್ಟಿಯಾದರೂ ನಿನ್ನ ಕೈಯದು ಇರುತ್ತದಲ್ಲ, ಅಷ್ಟು ಸಾಕು ಎಂದೆ.

ಆಕೆ ತಲೆ ತಗ್ಗಿಸಿ ಹಿಟ್ಟು ನಾದುತ್ತ ಹೇಳಿದಳು: "ನನಗ ಎಲ್ಲಿ ಪುರಸೊತ್ತು ಐತ್ರಿ ಕಾಕಾ. ನಮ್ಮವು ಹುನಗುಂದದಾಗ ಹೇಳೇನಿ."

೪. ಸಪ್ಪಳ

ಮನೆಯಲ್ಲಿ ಇದನ್ನು ಹೇಳಿದೆ. ಆಕೆ ತನ್ನ ಪ್ಲಾಸ್ಟರ್ ನೋಡಿಕೊಂಡಳು, ನನ್ನ ಕೈ ನೋಡಿದಳು. ಕಡೆಗೆ, ಹರಕೆ ಮನೆಯವರ ಕೈ ಕೇಳುತ್ತದೆ, ನಿಮ್ಮ ಕೈಯೂ ಈ ಮನೆಯದೇ ಎಂದಳು. ನನಗೂ ಅದು ಸರಿ ಅನ್ನಿಸಿತು. ದೇವರು ಕೈ ಕೊಡುವಾಗ ಇದು ಗಂಡಸಿನದು, ಇದಕ್ಕೆ ಹಿಟ್ಟು ಹತ್ತಬಾರದು ಎಂದು ಹೇಳಿ ಕಳಿಸಿದ್ದಾನೆಯೇ.

ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಒಲೆಯ ಮುಂದೆ ಕೂತೆ. ಆಕೆ ಪಕ್ಕದಲ್ಲಿ ಮಣೆ ಹಾಕಿಕೊಂಡು, ಪ್ಲಾಸ್ಟರಿನ ಕೈ ತೊಡೆಯ ಮೇಲಿಟ್ಟುಕೊಂಡು ಹೇಳಿಕೊಡುವುದು. ಎಸರು ಸುರಿದರೆ ಹಿಟ್ಟು ಗಂಟಾಯಿತು. ಬಡಿದರೆ ಅಂಚು ಬಿರಿಯಿತು. ಎತ್ತಿದರೆ ನಡುವೆ ಹರಿದು ಅರ್ಧ ಹಂಚಿನ ಮೇಲೆ, ಅರ್ಧ ಅಂಗೈಯಲ್ಲಿ. ನಾನು ಜೋರಾಗಿ ಬಡಿದೆ. "ಹಿಟ್ಟಿನ ಮ್ಯಾಲ ಸಿಟ್ಟು ತಗೀಬ್ಯಾಡ್ರಿ, ಅದೇನು ಮಾಡೇತಿ ನಿಮಗ," ಎಂದಳು.

ರೊಟ್ಟಿ ಬಡಿಯುವ ಸಪ್ಪಳ ಓಣಿಯ ಹೆಂಗಸರಿಗೆ ಗೊತ್ತು. ಯಾರ ಮನೆಯಲ್ಲಿ ಅತ್ತೆ ಬಡಿಯುತ್ತಿದ್ದಾಳೆ, ಯಾರಲ್ಲಿ ಸೊಸೆ ಎಂದು ಗೋಡೆಯ ಆಚೆಯಿಂದ ಹೇಳಬಲ್ಲರು. ನನ್ನ ಸಪ್ಪಳ ಯಾವ ಲೆಕ್ಕಕ್ಕೂ ಸಿಗಲಿಲ್ಲ ಅಂತ ಕಾಣುತ್ತದೆ. ಬಾಜೂ ಮನೆಯಾಕೆ ಬಾಗಿಲಿಗೆ ಬಂದು, ಅಣ್ಣಾರು ಗ್ವಾಡಿಗೆ ಮೊಳೆ ಹೊಡೆಯುತ್ತಿದ್ದಾರೇನು ಎಂದು ಕೇಳುತ್ತ ಒಳಗೆ ಇಣುಕಿದಳು. ನನ್ನನ್ನು ಕಂಡು ಸೆರಗು ಬಾಯಿಗೆ ಹಿಡಿದು ಹಾಗೇ ಹಿಂದೆ ಸರಿದಳು.

ಹದಿನೈದು ದಿನದಿಂದ ಮುರಿದ ಕೈ ಕೇಳಲು ಬರದವರೆಲ್ಲ ಆ ದಿನ ಬಂದರು. ಎಲ್ಲರೂ ಆಕೆಯ ಕೈ ಹೇಗಿದೆ ಎಂದು ಕೇಳಿ, ನನ್ನ ಕೈ ನೋಡಿಕೊಂಡು ಹೋದರು.

ಕೆಟ್ಟ ಹಿಟ್ಟು, ಉರಿದ ಗ್ಯಾಸು, ಸುಟ್ಟ ಬೆರಳಿಗೆ ತಂದ ಮುಲಾಮು ಎಲ್ಲ ಕೂಡಿಸಿದರೆ ನನ್ನ ಒಂದು ರೊಟ್ಟಿ ಅಂಗಡಿಯ ಮೂರು ರೊಟ್ಟಿಯ ಬೆಲೆಗೆ ಬಿದ್ದಿತ್ತು. ನಾನು ಅದನ್ನು ಬರೆದಿಡಲಿಲ್ಲ.

೫. ಕಡೆಯ ಸೋಮವಾರ

ಆ ದಿನ ಇನ್ನೂ ಮಬ್ಬಿರುವಾಗಲೇ ಕೂತು, ನಲವತ್ತಕ್ಕೂ ಮಿಕ್ಕಿ ಬಡಿದು, ರೊಟ್ಟಿ ಅನ್ನಬಹುದಾದ ಇಪ್ಪತ್ತೈದನ್ನು ಆರಿಸಿದೆವು. ಬುಟ್ಟಿಗೆ ಬಿಳಿ ವಸ್ತ್ರ ಮುಚ್ಚಿ ಮಠಕ್ಕೆ ಹೋದೆವು. ದಾರಿಯುದ್ದಕ್ಕೂ ಆಕೆ ಒಂದೇ ಮಾತು ಕೇಳುತ್ತಿದ್ದಳು: ತಗೊಳ್ಳತಾರಲ್ರಿ?

ದಾಸೋಹದ ಅಡುಗೆ ಮನೆಯಲ್ಲಿ ಬುಟ್ಟಿ ಇಳಿಸಿಕೊಳ್ಳುವವರು ಎಂಬತ್ತರ ಒಬ್ಬ ಅಜ್ಜಾರು. ಒಂದೊಂದು ಬುಟ್ಟಿಯ ವಸ್ತ್ರ ಸರಿಸಿ, ಮೇಲಿನ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಕಳಿಸುತ್ತಿದ್ದರು. ನಮ್ಮ ಓಣಿಯ ಏಳು ಬುಟ್ಟಿ ನಮಗಿಂತ ಮುಂದಿದ್ದವು. ಏಳರಲ್ಲೂ ರೊಟ್ಟಿ ಚಂದ್ರನ ಹಾಗೆ ಗುಂಡಗೆ, ಎಲ್ಲ ಒಂದೇ ಅಳತೆ, ಒಂದೇ ತೆಳು. ಅಜ್ಜಾರು ಒಂದೊಂದಕ್ಕೂ, ಮನೆಯ ರೊಟ್ಟಿ ಅಂದರೆ ಇದು, ಎಂಥ ಕೈ ತಾಯಿ ನಿನ್ನದು ಅನ್ನುತ್ತಿದ್ದರು. ತಾಯಂದಿರು ಬಹಳ ವಿನಯದಿಂದ ನೆಲ ನೋಡುತ್ತಿದ್ದರು.

ನಮ್ಮ ಬುಟ್ಟಿ ಬಂತು. ವಸ್ತ್ರ ಸರಿಸಿದ ಅಜ್ಜಾರು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು. ಒಂದು ಕಡೆ ದಪ್ಪ, ಒಂದು ಕಡೆ ಕಿಂಡಿ. ಕಿಂಡಿಯಿಂದ ನನ್ನನ್ನು ನೋಡಿ, ಮೆತ್ತಗೆ ಅಂದರು:

"ತಮ್ಮಾ, ಹರಕಿ ರೊಟ್ಟಿ ಅಂಗಡ್ಯಾಗ ಕೊಂಡು ತರಬಾರ್ದು. ಮನಿ ರೊಟ್ಟೀನ ಬೇಕು ಇಲ್ಲಿ."

ಏಳೂ ಜನ ತಾಯಂದಿರು ಇನ್ನಷ್ಟು ನೆಲ ನೋಡಿದರು. ನಾನು ಬಾಯಿ ಬಿಟ್ಟರೆ ಓಣಿಯೇ ಬೀದಿಗೆ ಬರುತ್ತಿತ್ತು. ನಮ್ಮ ಮನೆಯಾಕೆ ಮುಂದೆ ಬಂದಳು. ಪ್ಲಾಸ್ಟರಿನ ಕೈ ಎತ್ತಿ ತೋರಿಸಿದಳು.

"ಇವು ಮನೀವೇ ರೀ ಅಜ್ಜಾರ. ನನ್ನ ಕೈ ಮುರದೈತಿ ಅಂತ ನಮ್ಮವರು ಬಡದಾರ. ಹರಕಿ ತಪ್ಪಬಾರ್ದು ನೋಡ್ರಿ."

ಅಜ್ಜಾರು ನನ್ನ ಮುಖ ನೋಡಿದರು, ಬೆರಳಿನ ಬೊಬ್ಬೆ ನೋಡಿದರು. ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡರು. ಒಂದು ಚೂರು ಮುರಿಯಲು ಹೋದರು, ಎರಡೂ ಕೈ ಬೇಕಾದವು. ಬಾಯಿಗೆ ಹಾಕಿಕೊಂಡು ಅಗಿದರು. ಅವರು ನುಂಗುವತನಕ ಎಲ್ಲರೂ ಅವರ ದವಡೆಯನ್ನೇ ನೋಡುತ್ತಿದ್ದೆವು. ಬಹಳ ಹೊತ್ತೇ ಹಿಡಿಯಿತು.

"ಹರಕಿ ಮುಟ್ಟಿತವ್ವಾ," ಎಂದರು ಆಕೆಗೆ. ಆಕೆ ಕಣ್ಣೊರೆಸಿಕೊಂಡಳು. ಆಮೇಲೆ ಅಜ್ಜಾರು ನನ್ನ ಹೆಗಲ ಮೇಲೆ ಕೈ ಇಟ್ಟು ಕಿವಿಯ ಹತ್ತಿರ ಬಂದರು.

"ಬರೂ ವರ್ಷ, ತಮ್ಮಾ, ಅಂಗಡ್ಯಾಗಿಂದು ತಂದ್ರೂ ನಡೀತೈತಿ."

ಇದನ್ನು ಓದಿದವರು ಪಂಕ್ತಿಯಲ್ಲಿ ಕೂತಾಗ ಪಕ್ಕದವರಿಗೆ ಹೇಳಿರಿ. ನಾನು ಹೇಳಹೋದರೆ ಜನ ಕಥೆ ಮುಗಿಯುವ ಮೊದಲೇ ತಾಟಿನ ರೊಟ್ಟಿ ತಿರುಗಿಸಿ ನೋಡಲು ಶುರು ಮಾಡುತ್ತಾರೆ.