ಓಂಕಾರಮೂರ್ತಿಯ ಹನ್ನೆರಡು ಮೊಟ್ಟೆ

ಅಜ್ಜಂಪುರದಲ್ಲಿ ಬೆಳಿಗ್ಗೆ ಕರೆಂಟು ಹೋದದ್ದೇ ಎಲ್ಲಕ್ಕೂ ಕಾರಣ. ಪ್ರಾಣಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ ಓಂಕಾರಮೂರ್ತಿ ತನ್ನ ಬಾಡಿಗೆ ಕೋಣೆಯಲ್ಲಿ ಹನ್ನೆರಡು ಕೋಳಿಮೊಟ್ಟೆಗಳನ್ನು ಬಲ್ಬಿನ ಕಾವಿಗಿಟ್ಟು ಅಂದಿಗೆ ಆರನೇ ದಿನ. ಮರಿಯ ಶ್ವಾಸಕೋಶ ಕವಲೊಡೆಯುವ ಹೊತ್ತು. ಸುತ್ತಲಿನ ಜೀವಕೋಶಗಳು ‘ಇಲ್ಲಿ ಚಿಗುರು’ ಎಂದು ಸಂದೇಶ ಕಳಿಸಿದರೆ ಮಾತ್ರ ಕವಲು ಮೂಡುತ್ತದೆ ಎಂಬುದನ್ನು ಅವನು ತೋರಿಸಬೇಕಿತ್ತು. ಅದಕ್ಕೇ ಆರು ಮೊಟ್ಟೆಗೆ ಆ ಸಂದೇಶ ತಡೆಯುವ ಔಷಧಿ, ಉಳಿದ ಆರಕ್ಕೆ ಬರೀ ಉಪ್ಪುನೀರು ಹಾಕಿ, ಪೆನ್ಸಿಲಿನಲ್ಲಿ ‘ಔ’, ‘ಉ’ ಎಂದು ಬರೆದಿದ್ದ.

ತಣ್ಣಗಾಗುವ ಮುಂಚೆ ಕಡೂರಿನ ಕಾಲೇಜು ಸೇರಬೇಕು. ಡಬ್ಬಿಗೆ ಹತ್ತಿ ತುಂಬಿ ಮೊಟ್ಟೆ ಜೋಡಿಸಿ, ಸ್ವೆಟರಿನೊಳಗೆ ಹೊಟ್ಟೆಗೊತ್ತಿಕೊಂಡು ಬಸ್ಸು ಹತ್ತಿದ. ಮಗ್ಗುಲಲ್ಲೇ ಬಂದು ಕೂತವರು ಪಕ್ಕದ ಮನೆಯ ತೀರ್ಥಮ್ಮ.

“ಹೊಟ್ಟೆ ನೋವೇನೋ?”

“ಇಲ್ಲ ದೊಡ್ಡಮ್ಮ.”

“ಮತ್ಯಾಕೆ ತುಂಬಿದ ಬಸುರಿ ಥರ ಹಿಡ್ಕಂಡಿದೀಯ?”

ಹಿಂದಿನ ಸೀಟಿನವರು ಓಮದ ಕಷಾಯ ಹೇಳಿದರು. ಕಂಡಕ್ಟರ್ ಅಪೆಂಡಿಕ್ಸ್ ಅಂದ. ಅಷ್ಟರಲ್ಲಿ ಬೀರೂರಿನ ಹತ್ತಿರ ಬಸ್ಸು ಕೆಟ್ಟು ನಿಂತಿತು. ನಾಲ್ಕು ಜನ ಅವನನ್ನು ಎತ್ತಿಕೊಂಡೇ ಆಸ್ಪತ್ರೆಗೆ ಹೊರಡಲು ಸಿದ್ಧರಾದಾಗ ಓಂಕಾರಮೂರ್ತಿ ಬೇರೆ ದಾರಿ ಕಾಣದೆ ಡಬ್ಬಿ ತೆರೆದು ತೋರಿಸಿದ.

ಮೊಟ್ಟೆಯ ಹೆಸರೂ ಎತ್ತದ ಮನೆತನದ ತೀರ್ಥಮ್ಮ ಕಿಟಕಿಗೆ ಅಂಟಿಕೊಂಡರು. ಆಮೇಲೆ ಮೆಲ್ಲಗೆ, “ಒಳಗೆ ಜೀವ ಐತೇನೋ?” ಎಂದರು.

“ಐತೆ. ಶ್ವಾಸಕೋಶ ಈಗಷ್ಟೇ ಮೂಡ್ತಾ ಐತೆ. ಚಳಿಯಾದ್ರೆ ಹೋಯ್ತು.”

ತೀರ್ಥಮ್ಮ ಶಾಲು ಬಿಚ್ಚಿ ಮಡಿಲೊಡ್ಡಿದರು. “ಕೊಡಿಲ್ಲಿ. ನಾಲ್ಕು ಹೆತ್ತೋಳು ಕಣೋ ನಾನು. ಹೋಗಿ ಆಟೋ ನೋಡು.”

ಅವನು ಆಟೋ ತರುವಷ್ಟರಲ್ಲಿ ಮೊಟ್ಟೆಗಳು ಮುತ್ತಿನಂತೆ ಹೊಳೆಯುತ್ತಿದ್ದವು. “ಮೈಮೇಲೆ ಏನೇನೋ ಗೀಚಿತ್ತು. ಸೆರಗು ಒದ್ದೆ ಮಾಡಿ ಎಲ್ಲಾ ಒರೆಸ್ದೆ.”

ಓಂಕಾರಮೂರ್ತಿ ಮೊಟ್ಟೆಗಳನ್ನು ಡಬ್ಬಿಗೆ ಹಾಕಿಕೊಂಡು ಆಟೋ ಹತ್ತಿದ. ದಾರಿಯುದ್ದಕ್ಕೂ ಒಂದೊಂದನ್ನೇ ಬೆಳಕಿಗೆ ಹಿಡಿದು ತಿರುಗಿಸಿದ. ಒಂದು ಅಕ್ಷರದ ಬಾಲವೂ ಉಳಿದಿರಲಿಲ್ಲ.

ಕಾಲೇಜಿನಲ್ಲಿ ಮಾರ್ಗದರ್ಶಕಿ ಸುಲೋಚನಮ್ಮ ಒಂದೊಂದೇ ಮೊಟ್ಟೆ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆರರಲ್ಲಿ ಶ್ವಾಸಕೋಶ ಹೂಕೋಸಿನಂತೆ ಕವಲೊಡೆದಿತ್ತು. ಆರರಲ್ಲಿ ಬೋಳು ಕಡ್ಡಿ. ಸರಿಯಾಗಿ ಆರು, ಆರು. ಗುರುತು ಅಳಿಸಿದರೇನು, ಶ್ವಾಸಕೋಶಗಳೇ ಸಾಕ್ಷಿ ಹೇಳಿದವಲ್ಲ ಎಂದು ಅವನು ಬೆಳಗಿನಿಂದ ಮೊದಲ ಸಲ ನೆಟ್ಟಗೆ ನಿಂತು ಉಸಿರಾಡಿದ.

“ಔಷಧಿ ಹಾಕಿದ್ದು ಯಾವುದಕ್ಕೆ?” ಸುಲೋಚನಮ್ಮ ಕೇಳಿದರು.

“ಕವಲೊಡೆಯದೇ ಇರೋದಕ್ಕೆ, ಮೇಡಂ.”

“ಅದು ಕವಲೊಡೆದಿಲ್ಲ ಯಾಕೆ?”

“ಔಷಧಿ ಹಾಕಿದ್ದರಿಂದ.”

“ಹಾಕಿದ್ದು ಅದಕ್ಕೇ ಅಂತ ಹೇಗೆ ಗೊತ್ತು?”

“ಕವಲೊಡೆದಿಲ್ಲವಲ್ಲ…” ಎನ್ನುತ್ತಲೇ ಅವನ ಮಾತು ಅವನಿಗೇ ಕೇಳಿಸಿತು.

ಸುಲೋಚನಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಷ್ಟು ಚೊಕ್ಕಟವಾದ ಫಲಿತಾಂಶ ನಾನು ನೋಡೇ ಇಲ್ಲ. ಪ್ರಬಂಧದಲ್ಲಿ ಬರೆಯೋ ಹಾಗಿಲ್ಲ, ಅಷ್ಟೇ. ನಾಳೆ ಹೊಸದಾಗಿ ಹನ್ನೆರಡು ಕಾವಿಗಿಡಿ.”