ಬಾಗಿಲಿಲ್ಲದ ಪ್ರಜಾಪ್ರಭುತ್ವ

ಪೌರನೀತಿಯನ್ನು ಪುಸ್ತಕದೊಳಗೇ ಇಟ್ಟು ಕಲಿಸಿದರೆ ಯಾರಿಗೂ ತಕರಾರಿಲ್ಲ. ಅದು ಪುಟದಿಂದಿಳಿದು ನಡೆಯತೊಡಗಿತೋ, ಮೊದಲ ದೂರು ಸ್ಟಾಫ್‌ರೂಮಿಗೇ ಬರುತ್ತದೆ. ತಲ್ಲೂರಿನಾಚೆಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ನನಗೆ ಇದು ಮಾಮೂಲು.

ಅವಿರೋಧ

ನಮ್ಮ ಹೆಡ್‌ಮಾಸ್ಟರಿಗೆ ಶಾಲಾ ಸಂಸತ್ತೆಂದರೆ ಪ್ರೀತಿ, ಚುನಾವಣೆಯೆಂದರೆ ಆಗದು. ಪ್ರತಿವರ್ಷ ನಾಯಕ ಅವಿರೋಧ ಆಯ್ಕೆ. ಆ ವರ್ಷ ಒಂಬತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು ತಾನೂ ನಿಲ್ಲುತ್ತೇನೆಂದಳು. ತಾಯಿ ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಕೂರುವವರು. ಹುಡುಗಿಯ ಬೇಡಿಕೆ ಒಂದೇ: ಹುಡುಗಿಯರ ಶೌಚಾಲಯಕ್ಕೆ ಬಾಗಿಲು. ಹಳೆಯದು ಗೆದ್ದಲು ತಿಂದು ಬಿದ್ದಿತ್ತು. ಒಬ್ಬಳು ಒಳಗೆ ಹೋದರೆ ಇಬ್ಬರು ಹೊರಗೆ ವೇಲು ಹಿಡಿದು ನಿಲ್ಲಬೇಕಿತ್ತು.

"ನಾವೆಲ್ಲ ಒಂದೇ ಕುಟುಂಬ, ಚುನಾವಣೆ ಎಂತಕ್ಕೆ? ನಿನ್ನಮ್ಮನಿಗೆ ಹೇಳ್ತೆ ಕಾಣ್" ಎಂದರು ಹೆಡ್‌ಮಾಸ್ಟರ್.

"ಹೇಳಿ ಸರ್. ಬರೀ ಮಾತಾಡೂಕೆ ಹೋದ್ರೆ ಅಮ್ಮ ಬೈತ್ರ್, ಮೀನೂ ತಕಂಡ್ ಬನ್ನಿ."

ಚುನಾವಣೆ ನಡೆಯಿತು, ಹುಡುಗಿ ಗೆದ್ದಳು. ಆ ವಾರ ಸರ್ ಮೀನಿಗೆ ಹೆಂಡತಿಯನ್ನು ಕಳಿಸಿದರು.

ಗುಪ್ತ ಮತದಾನ

ಯಾರಿಗೆ ಮತ ಹಾಕಿದೆವೆಂದು ಯಾರಿಗೂ ಹೇಳಬೇಕಿಲ್ಲ ಎಂದು ಪಾಠ ಮಾಡಿದ್ದೆ. ಮಕ್ಕಳು ಅದನ್ನು ಮನೆಯಲ್ಲಿ ಅಮ್ಮಂದಿರಿಗೂ ಕಲಿಸಿದರು. ಪಂಚಾಯತ್ ಚುನಾವಣೆಯ ಮರುದಿನ ಬಸ್ರೂರಿನ ಒಬ್ಬ ಅಪ್ಪ ಬಂದ.

"ಹ್ವಾಯ್ ಟೀಚರ್, ಎಂತ ಕಲ್ಸುದ್ ನೀವ್? ಓಟ್ ಯಾರಿಗೆ ಹಾಕ್ದೆ ಕೇಂಡ್ರೆ ಹೆಂಡ್ತಿ ಹೇಳುದಿಲ್ಲೆ!"

"ನೀವು ಯಾರಿಗೆ ಹಾಕಿದ್ದು ಅವರಿಗೆ ಹೇಳಿದ್ರಾ?"

"ಅದೆಂತಕ್ಕೆ ಹೇಳುದ್? ಅದ್ ನನ್ನ್ ಓಟಲ್ದಾ!"

ವಂದನಾರ್ಪಣೆ

ಗೆದ್ದ ಹುಡುಗಿ ಬಾಗಿಲಿನ ಮಾತು ಬಿಡಲಿಲ್ಲ. ಮಕ್ಕಳ ಗ್ರಾಮಸಭೆ ನಮ್ಮ ಶಾಲೆಯಲ್ಲೇ ಇತ್ತು. ಅವಳು ಬಾಗಿಲು ಕೇಳಿದಳು. ಪಂಚಾಯತ್ ಅಧ್ಯಕ್ಷರು "ಕಾಂಬ" ಎಂದರು. ನೋಡೋಣ ಎಂದರ್ಥ, ನಮ್ಮ ಕಡೆ 'ಕಾಂಬ' ಎಂದವರು ಆಮೇಲೆ ಅತ್ತ ತಲೆಯೆತ್ತಿಯೂ ನೋಡುವುದಿಲ್ಲ.

ಉಳಿದದ್ದು ವಂದನಾರ್ಪಣೆ. ಅದಾಗದೆ ನಮ್ಮೂರ ಸಭೆಯಲ್ಲಿ ಯಾರೂ ಏಳುವಂತಿಲ್ಲ, ಚಹಾದ ಜೊತೆಯ ಗೋಳಿಬಜೆಯೂ ಒಳಗೆ ಬರುವುದಿಲ್ಲ. ಹೇಳಬೇಕಾದವಳು ಇವಳೇ. ಮೈಕಿನ ಮುಂದೆ ನಿಂತಳು, ಬಾಯಿ ಬಿಡಲಿಲ್ಲ.

ಹೆಡ್‌ಮಾಸ್ಟರ್ ನನ್ನತ್ತ ಬಾಗಿದರು. "ನೀವೇ ಹೇಳಿ ಮುಗಿಸಿ ಟೀಚರ್."

"ಕರೆಯೋಲೆಯಲ್ಲಿ ಅವಳ ಹೆಸರಿದೆ ಸರ್."

ಬ್ರಹ್ಮಾವರದಲ್ಲಿ ಇನ್ನೊಂದು ಸಭೆಯಿದ್ದ ಅಧ್ಯಕ್ಷರು ವಾಚು ನೋಡಿದರು. "ಬಾಗ್ಲ್ ನಾಳೆ ಬತ್ತ್ ಮಾರಾಯ್ತಿ, ವಂದನೆ ಹೇಳ್."

"ಆಯ್ತ್ ಸರ್, ವಂದನೆಯೂ ನಾಳೆ ಬತ್ತ್. ಅಲ್ಲಿವರೆಗೆ ಕೂತ್ಕಣಿ."

ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಹೆಡ್‌ಮಾಸ್ಟರ್ ನೋಡುತ್ತಿದ್ದಂತೆಯೇ. ಅಧ್ಯಕ್ಷರು ಕೂತಲ್ಲಿಂದಲೇ ಕುಂದಾಪುರದ ಅಂಗಡಿಗೆ ಫೋನು ಹಚ್ಚಿದರು. ಫೈಬರ್ ಬಾಗಿಲು ಹೊತ್ತ ಗೂಡ್ಸ್ ರಿಕ್ಷಾ ಗೇಟು ದಾಟಿ ಒಳಗೆ ಬಂದ ಮೇಲೆಯೇ ಹುಡುಗಿ ಗಂಟಲು ಸರಿಮಾಡಿಕೊಂಡದ್ದು:

"ಬಾಗಿಲು ಬರುವವರೆಗೆ ಏಳದೆ ಕೂತು ಸಹಕರಿಸಿದ ಮಾನ್ಯ ಅಧ್ಯಕ್ಷರಿಗೆ ಮೊದಲ ವಂದನೆ."