ಇನ್ನೊಮ್ಮೆ ಕೇಳ್ರಿ

ನಮ್ಮ ಸೋದರಮಾವ ಹುಟ್ಟುವುದಕ್ಕೂ ಒಂದೇ ಕರೆಗೆ ಒಪ್ಪಿದವನಲ್ಲ! ಸೂಲಗಿತ್ತಿ ಬಂದಳು, ಕಾದಳು, ಹೋದಳು. ಮತ್ತೆ ಬಂದಳು, ಮತ್ತೆ ಹೋದಳು. ಮೂರನೆಯ ಸಲ ಕರೆಸಿದಾಗ, ಪಾಪ, ಇಷ್ಟು ಒತ್ತಾಯ ಮಾಡುತ್ತಿದ್ದಾರಲ್ಲ ಎಂದು ಹೊರಗೆ ಬಂದ. ಇದು ನಮ್ಮ ಅಜ್ಜಿಯ ಮಾತು. ಅಜ್ಜಿಯ ಮಾತಿನಲ್ಲಿ ಅರ್ಧ ಬಿಟ್ಟರೂ ಉಳಿದರ್ಧವನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನಮ್ಮ ಗಜೇಂದ್ರಗಡದ ಕಡೆ ಯಾರಾದರೂ ಏನಾದರೂ ಕೊಡಬಂದರೆ ಮೊದಲು ಬೇಡ ಅನ್ನಬೇಕು. ಅದು ರೀತಿ. ಕೊಡುವವರು ಇನ್ನೊಮ್ಮೆ ಕೇಳಬೇಕು, ಅದೂ ರೀತಿಯೇ. ಎರಡನೆಯ ಸಲವೂ ಬೇಡ ಅಂದು, ಮೂರನೆಯ ಸಲಕ್ಕೆ "ಇಷ್ಟ ಅಂತೀರಂದ್ರ ತುಸು ಹಾಕ್ರಿ" ಅಂದವನು ಸಂಭಾವಿತ. ಮೊದಲ ಸಲಕ್ಕೇ ಕೈ ಒಡ್ಡಿದವನ ಬಗ್ಗೆ ಆತ ಎದ್ದು ಹೋದ ಮೇಲೆ ಮಾತಾಡಿಕೊಳ್ಳುತ್ತಾರೆ. ನಾವೆಲ್ಲ ಇದನ್ನು ಹಸಿವೆ ನೋಡಿಕೊಂಡು ಸ್ವಲ್ಪ ಸಡಿಲಾಗಿ ಪಾಲಿಸುತ್ತಿದ್ದೆವು. ಮಾವ ಮಾತ್ರ ವ್ರತದ ಹಾಗೆ ಹಿಡಿದಿದ್ದ.

ಬಡಿಸಲು ಬಂದವರಿಗೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುವುದು ಅವನ ಪದ್ಧತಿ. ಬಾಯಿ "ಬ್ಯಾಡ್ರಿ, ಬ್ಯಾಡ್ರಿ" ಅನ್ನುತ್ತಿತ್ತು. ಬೆರಳುಗಳ ನಡುವೆ ಮಾತ್ರ ಹೋಳಿಗೆ ಮಡಿಸಿ ತೂರಿಸುವಷ್ಟು ಸಂದು! ಬಲ್ಲವರು ಬಾಯಿಯ ಮಾತು ಕೇಳುತ್ತಿರಲಿಲ್ಲ, ಆ ಸಂದು ನೋಡಿ ಬಡಿಸುತ್ತಿದ್ದರು. ಅರಿಯದವರು ಸಿಕ್ಕರೆ ಮಾವನ ಗತಿ ಮುಗಿಯಿತು. ಜಕ್ಕಲಿಯ ಒಂದು ಮದುವೆಯಲ್ಲಿ ಬಡಿಸಲು ನಿಂತವನು ಮೈಸೂರು ಕಡೆಯ ಹುಡುಗ. "ಹೋಳಿಗೆ?" ಅಂದ. "ಬ್ಯಾಡ್ರಿ" ಅಂದ ಮಾವ. ಹುಡುಗ ಮುಂದಿನ ಎಲೆಗೆ ಹೋದ! ತುಪ್ಪ, ಅನ್ನ, ಸಾರು, ಎಲ್ಲವೂ ಹೀಗೆಯೇ ಮಾವನ ಎಲೆಯ ಮುಂದೆ ಮೆರವಣಿಗೆ ಹೋದವು. ಉಪ್ಪು ಮತ್ತು ಉಪ್ಪಿನಕಾಯಿಯನ್ನು ಕೇಳದೆ ಬಡಿಸುವ ರೂಢಿ ಇದ್ದುದರಿಂದ ಅವೆರಡು ಸಿಕ್ಕವು. ಮನೆಗೆ ಬಂದವನಿಗೆ ಅಜ್ಜಿ "ಊಟ ಹ್ಯಾಂಗಿತ್ತೋ ತಮ್ಮಾ?" ಎಂದು ಕೇಳಿದಾಗ, "ಭಾಳ ಚಲೋ ಆಗಿತ್ತು, ವಾಸನಿ ಅಂತೂ ಕೇಳಬ್ಯಾಡ" ಅಂದ.

ಇಂಥವನು ನೌಕರಿಗೆ ಹೊರಟ. ನಾವಿನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ಮಾವನ ಮನೆಯಲ್ಲಿ ಸೀರೆ ನೇಯುವ ಕೆಲಸ. ಮಗ್ಗದ ಸದ್ದಿನಲ್ಲೇ ಓದಿ ಧಾರವಾಡಕ್ಕೆ ಹೋಗಿ ಬಿ.ಎ. ಆದವನು ಅವನೊಬ್ಬನೇ. ಅವನಿಗೆ ನೌಕರಿ ಬೇಕಾದದ್ದು ಪಗಾರಕ್ಕಾಗಿ ಅಲ್ಲ, ನರಗುಂದದ ಹುಡುಗಿಗಾಗಿ.

ಹುಡುಗಿಯ ತಂದೆ ನಮ್ಮ ಸೀರೆ ಕೊಳ್ಳುತ್ತಿದ್ದ ಜವಳಿ ವ್ಯಾಪಾರಿ. ಕನ್ಯೆ ನೋಡಲು ನಾನೂ ಹೋಗಿದ್ದೆ. ಮಾವನಿಗಿಂತ ನಾನು ತುಸುವೇ ಚಿಕ್ಕವನಾದ್ದರಿಂದ ಇಂಥದಕ್ಕೆಲ್ಲ ಜೊತೆಗೆ ನಾನೇ. ಹುಡುಗಿ ಉಪ್ಪಿಟ್ಟು ತಂದಳು. ಮಾವ "ಬ್ಯಾಡ್ರಿ, ಈಗ ಆಗೈತ್ರಿ" ಎಂದು ತಟ್ಟೆಗೆ ಕೈ ಅಡ್ಡ ಹಿಡಿದ. ಆಕೆ ಅವನ ಮುಖ ನೋಡಲಿಲ್ಲ. ಆಗ ಹೆಣ್ಣುಮಕ್ಕಳು ಹಾಗೆಲ್ಲ ನೋಡುವಂತಿರಲಿಲ್ಲ. ಕೈ ನೋಡಿದಳು. ಆಮೇಲೆ ಏನೂ ಕೇಳದೆ, ಬೆರಳ ಸಂದಿನಿಂದ ಒಂದು ಚಮಚ ಉಪ್ಪಿಟ್ಟು ತಟ್ಟೆಗೆ ಬಿಟ್ಟು, ತುಟಿ ಕಚ್ಚಿ ನಗು ತಡೆದುಕೊಂಡು ಒಳಗೆ ಹೋದಳು. ಮಾವ ಊರು ಮುಟ್ಟುವ ತನಕ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ. ಇಂಥ ಹುಡುಗಿ ಜಗತ್ತಿನಲ್ಲಿ ಇನ್ನೊಬ್ಬಳು ಇರಲಾರಳು ಎಂದು ಅವನಿಗೆ ಅಂದೇ ಖಾತ್ರಿಯಾಗಿತ್ತು.

ಆದರೆ ತಂದೆ ವ್ಯವಹಾರಸ್ಥ. "ಹುಡುಗ ಚಲೋ ಅದಾನ್ರಿ. ಆದ್ರ ಮಗ್ಗ ನಂಬಿ ಮಗಳ್ನ ಕೊಡಂಗಿಲ್ಲ. ನೌಕರಿ ಹಿಡೀಲಿ, ದೀಪಾವಳಿ ತನಕಾ ಕಾಯ್ತೀನಿ" ಅಂದುಬಿಟ್ಟರು.

ಅದೇ ಹೊತ್ತಿಗೆ ಮುಂಬೈಯ ದೊಡ್ಡ ಕಂಪನಿಯೊಂದು ಹುಬ್ಬಳ್ಳಿಯಲ್ಲಿ ಸಂದರ್ಶನ ಇಟ್ಟಿತು. ಕಂಪನಿಯ ಧಂದೆ ಎಂದರೆ ಸಲಹೆ ಕೊಡುವುದು. ಮಿಲ್ಲು ನಡೆಯದವರಿಗೆ ಹೇಗೆ ನಡೆಸಬೇಕು, ನಡೆಯುವವರಿಗೆ ಇನ್ನೂ ಹೇಗೆ ನಡೆಸಬೇಕು ಎಂದು ಹೇಳಿ ಹಣ ತೆಗೆದುಕೊಳ್ಳುವುದು! ನಮ್ಮ ಓಣಿಯಲ್ಲಿ ಯಾರೂ ಇದನ್ನು ನಂಬಲಿಲ್ಲ. "ಸಲಹಾ ಕೊಟ್ರ ಪಗಾರ ಕೊಡ್ತಾರಾ? ಹಂಗಿದ್ರ ನಿಮ್ಮಜ್ಜ ಇಷ್ಟೊತ್ತಿಗೆ ಅರ್ಧಾ ಮುಂಬೈ ಕೊಂಡಿರತಿದ್ದ" ಅಂದಳು ಅಜ್ಜಿ. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜ ಮೀಸೆ ತಿರುವಿ, "ಕೋಟಿನ ಗುಂಡಿ ಹಾಕ್ಕೊಂಡ ಹೋಗ್ರಿ" ಎಂದು ಸಲಹೆ ಕೊಟ್ಟ. ಪುಕ್ಕಟೆ.

ನಾನೂ ಅರ್ಜಿ ಹಾಕಿದ್ದೆ. ಹೊಳೆಆಲೂರಿನಲ್ಲಿ ರೈಲು ಹತ್ತಿದೆವು. ಮೆಣಸಗಿಯ ರೈತನೊಬ್ಬ ಸರಿದು ಕುಳಿತು "ಬರ್ರಿ, ಕೂಡ್ರಿ" ಎಂದು ಮಾವನನ್ನು ಕರೆದ. "ಇರಲಿ ಬಿಡ್ರಿ, ಕುಂತ ಕುಂತ ಬ್ಯಾಸರಾಗೈತಿ" ಅಂದ ಮಾವ. ಎರಡನೆಯ ಸಲ ಕರೆಯುವ ಮೊದಲೇ ರೈತನಿಗೆ ನಿದ್ದೆ ಬಂತು. ಮಾವ ಗದಗಿನ ತನಕ ನಿಂತೇ ಬಂದ.

ಹುಬ್ಬಳ್ಳಿಯ ದೊಡ್ಡ ಹೋಟೆಲಿನ ಪಡಸಾಲೆಯಲ್ಲಿ ಉಮೇದುವಾರರ ಸಾಲು. ಬೆಳಗಾವಿ, ಧಾರವಾಡದವರು ಟೈ ಕಟ್ಟಿಕೊಂಡು ಬಂದಿದ್ದರು. ಒಬ್ಬ ಜಗತ್ತಿನ ಪರ್ವತಗಳ ಎತ್ತರವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಪರ್ವತಗಳಿಗೆ ಯಾವ ಸಲಹೆ ಕೊಡುವವನಿದ್ದನೋ! ನನ್ನನ್ನು ಮೊದಲು ಕರೆದರು. ಒಳಗೆ ಮೂವರು ಸಾಹೇಬರು.

"ಒಂದು ಮಿಲ್ಲು ಹಾನಿಯಲ್ಲಿ ನಡೆದಿದೆ. ಏನು ಸಲಹೆ ಕೊಡುತ್ತೀರಿ?"

"ಮಾರಿಬಿಡಬೇಕು, ಸರ್."

"ಯಾರು ಕೊಳ್ಳುತ್ತಾರೆ?"

ಅದನ್ನು ನಾನು ಯೋಚಿಸಿರಲಿಲ್ಲ. ಬಾಗಿಲು ಯಾವ ಕಡೆಗಿದೆ ಎಂದು ಬಹಳ ಸೌಜನ್ಯದಿಂದ ತೋರಿಸಿದರು.

ಮಾವ ಒಳಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಒಳಗಿನಿಂದ ನಗು ಕೇಳಿತು, ಮತ್ತೆ ಕೇಳಿತು. ಟೈಗಳೆಲ್ಲ ಮುಖ ಮುಖ ನೋಡಿಕೊಂಡವು. ಕೊನೆಗೆ ಮಾವ ಅರಳಿದ ಮುಖ ಹೊತ್ತು ಹೊರಗೆ ಬಂದು ಮತ್ತೆ ಬೆಂಚಿನ ಮೇಲೆಯೇ ಕುಳಿತ.

"ಏನಾತು ಮಾವಾ?"

"ಆತು. ಭಾಳ ಖುಷಿ ಆಗ್ಯಾರ. ನಮ್ಮ ಕಂಪನಿಗೆ ಬರ್ತೀರೇನು ಅಂತ ಕೇಳಿದ್ರು."

"ನೀ ಏನಂದಿ?"

"ಬ್ಯಾಡ್ರಿ, ನಿಮಗ್ಯಾಕ ತ್ರಾಸು ಅಂದೆ."

"ಆಮ್ಯಾಲೆ?"

"ಖರೇನ ಬ್ಯಾಡೇನು ಅಂತ ಎರಡನೇ ಸಲ ಕೇಳಿದ್ರು. ಬ್ಯಾಡ್ರಿ ಅಂದೆ." ಮಾವ ಕೋಟಿನ ಗುಂಡಿ ಸರಿಮಾಡಿಕೊಂಡ. "ಇನ್ನೊಂದ ಸಲ ಉಳದೈತಿ. ಕರೀತಾರ, ಕೂಡು."

ಕುಳಿತೆವು. ಟೈಗಳು ಒಂದೊಂದಾಗಿ ಒಳಗೆ ಹೋಗಿ ಹೊರಗೆ ಬಂದವು. ಸಂಜೆಯಾಯಿತು. ಸಿಪಾಯಿ ಕುರ್ಚಿ ಎತ್ತಿಡತೊಡಗಿದ. ನಾನು ಒಳಗೆ ಹೋಗಿ ತಿಳಿಸಿ ಹೇಳುತ್ತೇನೆ ಎಂದರೆ ಮಾವ ಬಿಡಲಿಲ್ಲ. "ಏ, ನಾವಾಗಿ ಕೇಳೋದು ಚಂದ ಅಲ್ಲ" ಅಂದ. ಕಡೆಗೆ ಹಿರಿಯ ಸಾಹೇಬರೇ ಹ್ಯಾಟು ಹಿಡಿದು ಹೊರಗೆ ಬಂದರು. ಮಾವ ಎದ್ದು ನಿಂತ. ಸಾಹೇಬರು ಅವನ ಕೈ ಕುಲುಕಿ, "ನಿಮ್ಮಂಥವರು ಒಪ್ಪದೆ ಹೋದದ್ದು ನಮ್ಮ ದುರ್ದೈವ" ಅಂದು ಕಾರು ಹತ್ತಿದರು. ಅವರ ಊರಿನಲ್ಲಿ ಬೇಡ ಎಂದರೆ ಬೇಡ. ಅದು ಅವರ ತಪ್ಪು ಹೇಗಾದೀತು?

ಹಿಂತಿರುಗುವಾಗ ರೈಲಿನಲ್ಲಿ ಬೇಕಾದಷ್ಟು ಜಾಗವಿತ್ತು. ಯಾರೂ ಕರೆಯಬೇಕಾಗಿರಲಿಲ್ಲ. ಮಾವ ಕಿಟಕಿಗೆ ತಲೆ ಕೊಟ್ಟು ಕುಳಿತಿದ್ದ. "ಒಂದ ಸಲ, ಇನ್ನೊಂದ ಸಲ ಕೇಳಿದ್ರ ಸಾಕಿತ್ತಲ್ಲೋ" ಅಂದ. ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಹೋದದ್ದು ಮುಂಬೈ ಅಲ್ಲ, ನರಗುಂದ ಎಂಬುದು ಇಬ್ಬರಿಗೂ ಗೊತ್ತಿತ್ತು.

ದೀಪಾವಳಿಗೆ ಮೊದಲೇ ಸುದ್ದಿ ಮುಟ್ಟಿಸುವುದು ಮರ್ಯಾದೆ ಎಂದು ಮಾವ ನರಗುಂದಕ್ಕೆ ಹೊರಟ. ಮತ್ತೆ ನಾನೇ ಜೊತೆ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ವ್ಯಾಪಾರಿ ಹೆಗಲ ಮೇಲಿನ ವಸ್ತ್ರ ಜಾರಿ ಬೀಳುವ ಹಾಗೆ ನಕ್ಕರು. "ಮೂರನೇ ಸಲ ಕೇಳಲಿಲ್ಲಾ? ಎಂಥಾ ಮಂದಿ ಅವ್ರು!" ಎಂದು ಕಣ್ಣು ಒರೆಸಿಕೊಂಡರು. ಆಮೇಲೆ ಜಾರಿದ ವಸ್ತ್ರವನ್ನು ಮತ್ತೆ ಹೆಗಲಿಗೇರಿಸಿಕೊಂಡರು.

"ನೌಕರಿ ಇವತ್ತಿಲ್ಲಂದ್ರ ನಾಳಿ ಸಿಗತೈತಿ. ಇಂಥಾ ಮನಶ್ಯಾ ಸಿಗಂಗಿಲ್ಲ. ಮಗಳ್ನ ಕೊಡ್ತೀನಿ. ಮಾಡ್ಕೋತೀಯೇನಪಾ?"

ಮಾವ ಕೈ ಅಡ್ಡ ಎತ್ತಿದ. "ಬ್ಯಾಡ್ರಿ, ನಿಮಗ್ಯಾಕ ತ್ರಾಸು!"

ನಾನು ಹಣೆ ಹಿಡಿದುಕೊಂಡೆ. ಹೋಳಿಗೆಯನ್ನಾದರೆ ನಮ್ಮಲ್ಲಿ ಎಷ್ಟು ಸಲವಾದರೂ ಕೇಳುತ್ತಾರೆ. ಹೆಣ್ಣು ಕೊಡುವ ಮಾತನ್ನು ಮಾತ್ರ ಎರಡನೆಯ ಸಲ ಆಡುವುದಿಲ್ಲ. ಹೆಣ್ಣು ಹೆತ್ತವರ ಮರ್ಯಾದೆಯ ಪ್ರಶ್ನೆ. ವ್ಯಾಪಾರಿಯ ಮುಖ ಬಿಗಿಯಿತು. "ಆತು ಹಂಗಾರ, ನಿಮ್ಮ ಮನಸ್ಸು" ಎಂದು ಎದ್ದರು. ಮಾವ ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿ ಹೆದರಿದವನ ಹಾಗೆ, ಎತ್ತಿದ ಕೈಯನ್ನು ಇಳಿಸುವುದನ್ನೂ ಮರೆತು ಕುಳಿತಿದ್ದ.

ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ದನಿ ಬಂತು.

"ಅಪ್ಪಾ, ಅವರ ಕೈ ನೋಡು. ಇನ್ನೊಮ್ಮೆ ಕೇಳು."

ಬೆರಳುಗಳ ನಡುವೆ ಇಡೀ ನರಗುಂದ ಹಾದುಹೋಗುವಷ್ಟು ಸಂದಿತ್ತು! ವ್ಯಾಪಾರಿ ಕೈ ನೋಡಿದರು, ಬಾಗಿಲ ಕಡೆ ನೋಡಿದರು, ಮರ್ಯಾದೆಯನ್ನು ಪಕ್ಕಕ್ಕಿಟ್ಟು ಇನ್ನೊಮ್ಮೆ ಕೇಳಿದರು. ಮೂರನೆಯ ಸಲಕ್ಕೆ ಕಾಯುವ ಧೈರ್ಯ ಮಾವನಿಗೆ ಉಳಿದಿರಲಿಲ್ಲ. "ಹೂಂನ್ರಿ" ಅಂದ. ಅವನ ಜನ್ಮದಲ್ಲಿ ಎರಡನೆಯ ಕರೆಗೇ ಒಪ್ಪಿದ್ದು ಅದೊಂದೇ.

ನರಗುಂದದ ಹುಡುಗಿ ನನಗೆ ಅತ್ತೆಯಾಗಿ ಬಂದಳು. ಮುಂದೆ ಮಾವನಿಗೆ ರೋಣದ ಸಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಆ ಸಂದರ್ಶನಕ್ಕೆ ಹೋಗುವಾಗ ಅತ್ತೆ, "ಅಲ್ಲಿ ಕೈ ಎತ್ತಬ್ಯಾಡ್ರಿ" ಎಂದು ಎಚ್ಚರಿಸಿ ಕಳಿಸಿದಳಂತೆ. ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡು, ಕೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ನೌಕರಿ ಗೆದ್ದು ಬಂದ. ಮನೆಯಲ್ಲಿ ಮಾತ್ರ ಹಳೆಯ ಪದ್ಧತಿಯೇ. ಅವನು "ಬ್ಯಾಡ" ಅನ್ನುವುದು, ಅತ್ತೆ ಬಾಯಿಗೆ ಕಿವಿಗೊಡದೆ ಬೆರಳು ನೋಡಿ ರೊಟ್ಟಿ ಹಾಕುವುದು. ನಾನು ಯಾವಾಗ ಹೋದರೂ ಈ ಆಟ ನೋಡಿ ನಕ್ಕು ಬರುತ್ತಿದ್ದೆ.

ಅತ್ತೆ ತೀರಿಕೊಂಡ ಮೇಲೆ ದಿನಕರ್ಮ ಮುಗಿದು ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಮಾವನಿಗೆ ಬಡಿಸಲು ನಾನೇ ಎದ್ದೆ. "ಮಾವಾ, ರೊಟ್ಟಿ?" ಅಂದೆ. "ಬ್ಯಾಡಪಾ" ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ನಾನು ಬೆರಳು ನೋಡಿದೆ. ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದ್ದವು.

ಅಲ್ಲೇ ಅವನ ಪಕ್ಕದಲ್ಲಿ ಕುಳಿತು ಇನ್ನೊಮ್ಮೆ ಕೇಳಿದೆ.